ಬಸದಿಯಂಗಳದ ಉದ್ದ ಫೋಟೋ

“ಬಸದಿ ಇಡೀ ಬಂದುಂಟು. ಇವರೆಲ್ಲಿ?” ಪರದೆಗೆ ಮೂಗು ತಾಗುವಷ್ಟು ಬಗ್ಗಿ ಅಮ್ಮ ಕಮಲಾವತಿ ಕೇಳಿದರು. ನಾರಾವಿಯ ಬಸದಿಯಂಗಳವನ್ನು ತುಂಡು ತುಂಡಾಗಿ ತೆಗೆದ ಫೋಟೋಗಳನ್ನು ಅನಿಷಾ ಈಗಷ್ಟೇ ಕಂಪ್ಯೂಟರಿನಲ್ಲಿ ಜೋಡಿಸಿ, ಒಂದೇ ಉದ್ದ ಚಿತ್ರ ಮಾಡಿದ್ದಳು. ತೆಗೆದದ್ದು ಕಳೆದ ದೀಪಾವಳಿಗೆ, ಅಪ್ಪ ತೀರಿಕೊಳ್ಳುವ ಹಿಂದಿನ ವಾರ.

“ಅಪ್ಪ ಒಂದು ಕಡೆ ನಿಂತಿರ್ಲಿಲ್ಲ ಅಮ್ಮ. ಅಲುಗಾಡಿದವರನ್ನು ಸಾಫ್ಟ್‌ವೇರ್ ತಾನೇ ಅಳಿಸ್ತದೆ,” ಎನ್ನುತ್ತ ಅನಿಷಾ ಜೋಡಿಸುವ ಮೊದಲಿನ ಬಿಡಿ ಫೋಟೋಗಳನ್ನು ಒಂದೊಂದಾಗಿ ತೆರೆದಳು. ಎಲ್ಲದರಲ್ಲೂ ಅಪ್ಪ ಇದ್ದರು, ಅಂಗಳ ಗುಡಿಸುವ ಹಿಡಿಸೂಡಿ ಹಿಡಿದುಕೊಂಡು. “ಅಡ್ಡ ಬರ್ಬೇಡಿ ಅಪ್ಪ, ಆಚೆ ಹೋಗಿ” ಎಂದು ಆವತ್ತು ಅವಳೇ ಕೂಗಿದ್ದಳು. ಪಾಪ, ಅವಳು ಹೇಳಿದ ಹಾಗೇ ಅವರು ಪ್ರತಿ ಸಲ ಬಲಕ್ಕೆ ಸರಿದಿದ್ದರು. ಅವಳ ಕ್ಯಾಮರಾವೂ ಬಲಕ್ಕೇ ತಿರುಗುತ್ತ ಹೋಗಿತ್ತು. ಕೊನೆಯ ಫೋಟೋದಲ್ಲಿ, ಇನ್ನು ಸರಿಯಲು ಜಾಗವಿಲ್ಲದೆ, ಪಾಗಾರದ ಗೋಡೆಗೆ ಅಂಟಿಕೊಂಡು ನಗುತ್ತಿದ್ದರು.

ಅನಿಷಾ ಮೂಗೊರೆಸಿಕೊಂಡಳು. “ಯಾವ ಅಪ್ಪನನ್ನು ಇಡುವ, ಅಮ್ಮ?”

“ಎಲ್ಲರೂ ಇರ್ಲಿ ಮಾರಾಯ್ತಿ,” ಎಂದರು ಕಮಲಾವತಿ. “ಇನ್ನೊಮ್ಮೆ ಅವರಿಗೆ ಆಚೆ ಹೋಗಿ ಅಂತ ಹೇಳ್ಬೇಡ.”