ಬಾಗಿಲ ಬಳಿಯ ಬೆಂಚು

ಹೆರಿಗೆ ವಾರ್ಡಿನ ಹೊರಗೆ ಕಾಯುವವರಿಗೆ ಸುದ್ದಿ ಹೇಳುವುದು ಇಪ್ಪತ್ತಾರು ವರ್ಷಗಳಿಂದ ಆಯಾ ಫಕೀರವ್ವನ ಕೆಲಸವಾಗಿತ್ತು. ಸಿಹಿ ಸುದ್ದಿಯಾದರೆ ಬಾಗಿಲಿನಿಂದಲೇ ಕೂಗಿಬಿಡುತ್ತಿದ್ದಳು. ಕೆಟ್ಟದ್ದಾದರೆ ಮೊದಲು ಅವರನ್ನು ಬೆಂಚಿನ ಮೇಲೆ ಕೂರಿಸಿ, ತಾನೂ ಪಕ್ಕದಲ್ಲಿ ಕೂತು, ಕೈ ಹಿಡಿದುಕೊಂಡು ಹೇಳುತ್ತಿದ್ದಳು.

ಹೊಸ ಮ್ಯಾನೇಜರು ಬಂದರು. ಅವರೊಂದಿಗೆ ಹೊಸ ವ್ಯವಸ್ಥೆಯೂ ಬಂತು.

“ಫಕೀರವ್ವಾ, ಇನ್ಮ್ಯಾಲೆ ಸುದ್ದಿ ನೇರ ಅವರ ಮೊಬೈಲಿಗೆ ಹೋಗತೈತಿ. ನೀ ಯಾರಿಗೂ ಏನೂ ಹೇಳೂದು ಬ್ಯಾಡ.”

“ಕೂಸು ಉಳೀಲಿಲ್ಲಂದ್ರ, ಸಾಹೇಬ್ರ?”

“ಅದಕ್ಕೂ ಮೆಸೇಜ್ ಐತಿ.”

ಅವಳಿಗೆ ನೆಲ ಒರೆಸುವ ಕೆಲಸ ಕೊಟ್ಟರು.

ಮೂರನೆಯ ದಿನ ಅದೇ ಬಾಗಿಲ ಮುಂದೆ ಒರೆಸುತ್ತಿದ್ದಾಗ, ಇಟ್ಟಿಗೆ ಧೂಳು ಮೆತ್ತಿದ ಅಂಗಿಯ ಯುವಕನೊಬ್ಬ ನಗುತ್ತಾ ಓಡಿಬಂದ. ಒಂದು ಕೈಯಲ್ಲಿ ಪೇಢೆಯ ಡಬ್ಬಿ, ಇನ್ನೊಂದರಲ್ಲಿ ಮೊಬೈಲು.

“ಯವ್ವಾ, ಮೆಸೇಜ್ ಬಂದೈತಿ. ನನಗ ಓದಾಕ ಬರಂಗಿಲ್ಲ. ಗಂಡೋ, ಹೆಣ್ಣೋ?”

ಫಕೀರವ್ವ ಅಕ್ಷರಕ್ಕೆ ಅಕ್ಷರ ಕೂಡಿಸಿಕೊಂಡು ಓದಿದಳು. ಒರೆಸುವ ಬಟ್ಟೆಯನ್ನು ಬಕೆಟ್ಟಿಗೆ ಹಾಕಿ, ಸೆರಗಿಗೆ ಕೈ ಒರೆಸಿಕೊಂಡಳು.

“ಬಾ ತಮ್ಮಾ, ಮೊದ್ಲ ಇಲ್ಲಿ ಕುಂದ್ರು.”