ಕೂಲೆಂಟ್ ಹೋದದ್ದೆಲ್ಲಿಗೆ

ಜೀಪಿನ ರೇಡಿಯೇಟರ್‌ನೊಳಗೆ ಇಳಿಸಿದ ಬೆರಳು ಒದ್ದೆಯಾಗದೆಯೇ ಮೇಲೆ ಬಂತು. ಡ್ರೈವರ್ ಅನಂತರಾಜು ಮುಚ್ಚಳ ಹಿಡಿದು ಮತ್ತೊಮ್ಮೆ ಬಗ್ಗಿ ನೋಡಿದ. ತಿಂಗಳಲ್ಲಿ ಇದು ಮೂರನೆಯ ಸಲ. ಹಿಂದಿನ ಸಂಜೆಯಷ್ಟೇ ಬಾಯಿಯವರೆಗೂ ಎಂಜಿನ್ ತಂಪಾಗಿಡುವ ಕೂಲೆಂಟ್ ತುಂಬಿಸಿದ್ದ.

ಮಂಡಿಯೂರಿ ಜೀಪಿನಡಿಯ ನೆಲವನ್ನು ಅಂಗೈಯಿಂದ ಸವರಿದ. ಒಂದು ಹನಿ ತೇವವಿಲ್ಲ.

ಘಾಟಿ ದೇವಸ್ಥಾನಕ್ಕೆ ಹೊರಡಲು ರೇಷ್ಮೆ ಸೀರೆಯುಟ್ಟು ಕೂತಿದ್ದ ಯಜಮಾನಿ ಪಟಾಲಮ್ಮ ನಿಟ್ಟುಸಿರಿಟ್ಟರು. "ಇವತ್ತೂ ಇಂಗೇನಾ ಅನಂತ?"

ಅಲ್ಲಾಳಸಂದ್ರದಲ್ಲಿ ಈ ಮನೆಯವರಿಗೆ ಹೊಲಗಳಿದ್ದ ಕಾಲದಿಂದ, ಆ ಹೊಲಗಳಲ್ಲಿ ಅಪಾರ್ಟ್‌ಮೆಂಟುಗಳೆದ್ದ ಈ ದಿನದವರೆಗೆ, ಇಪ್ಪತ್ತಾರು ವರ್ಷ ಆ ಜೀಪನ್ನು ಅನಂತರಾಜುವೇ ಓಡಿಸಿದ್ದ. ದಾರಿಯಲ್ಲಿ ಅದು ಒಮ್ಮೆಯೂ ಕೈಕೊಟ್ಟಿರಲಿಲ್ಲ. ಪಟಾಲಮ್ಮನ ಮಗ ಉಮೇಶ್ ಸ್ಟಿಯರಿಂಗ್ ಹಿಡಿಯಲು ಕಲಿತದ್ದೂ ಅವನ ತೊಡೆಯ ಮೇಲೆ ಕೂತು.

"ನೀರು ಹುಯ್ಕೊಂಡು ಹೋಗ್ಬಹುದು," ಎಂದ ಅನಂತರಾಜು, ಮೆಲ್ಲಗೆ.

"ದಾರೀಲಿ ಕುದ್ದುಬಿಟ್ರೆ? ಬೇಡ ಬಿಡಿ ಅನಂತಣ್ಣ, ಟ್ಯಾಕ್ಸಿ ಕರೀತೀನಿ," ಎಂದ ಉಮೇಶ್, ಮೊಬೈಲಿನಿಂದ ಕಣ್ಣು ತೆಗೆಯದೆ. ಹೋದ ತಿಂಗಳು ಹೆಬ್ಬಾಳದ ಹತ್ತಿರ ಎಲ್ಲಿಂದಲೋ ನುಗ್ಗಿದ ಬೈಕಿನವನಿಗಾಗಿ ಅನಂತರಾಜು ಗಕ್ಕನೆ ಬ್ರೇಕ್ ಒತ್ತಿದಂದಿನಿಂದ ಉಮೇಶ್‌ನ ಮಾತು ಕಡಿಮೆಯಾಗಿತ್ತು. ಬೈದಿದ್ದರೆ ಅನಂತರಾಜು ಸಹಿಸಿಕೊಳ್ಳುತ್ತಿದ್ದ. ಈ ಮೌನ ಚುಚ್ಚುತ್ತಿತ್ತು.

ಟ್ಯಾಕ್ಸಿ ಹೊರಟ ಮೇಲೆ ನೀರು ತುಂಬಿಸಿಕೊಂಡು ಗೊರಗುಂಟೆಪಾಳ್ಯದ ನಾಸಿರ್‌ನ ಗ್ಯಾರೇಜಿಗೆ ಹೋದ. ದಾರಿಯಲ್ಲಿ ಒಂದು ರೋಡ್ ಹಂಪ್ ಸೊಂಟ ಮುರಿಯುವಂತೆ ಎತ್ತಿಹಾಕಿತು. ಅದಕ್ಕೆ ಬಣ್ಣ ಬಳಿಯದೆ ಬಿಟ್ಟವರನ್ನು ಶಪಿಸಿದ.

ಗ್ಯಾರೇಜಿನಲ್ಲಿ ನಾಲ್ಕು ಜನ ಗಿರಾಕಿಗಳಿದ್ದರು. ಅವರೆದುರಿಗೇ ಕೂಗಾಡಿದ. "ನಿಮ್ಮಪ್ಪ ಇದ್ದಿದ್ರೆ ಹಿಂಗಾಗ್ತಿರ್ಲಿಲ್ಲ ಕಣೋ. ನೀನು ಹೋಸ್ ಬದಲಾಯಿಸ್ದೆ, ಮುಚ್ಚಳ ಬದಲಾಯಿಸ್ದೆ. ಕೊನೆಗೆ ಹೋಗಿದ್ದು ನನ್ನ ಮಾನ."

ನಾಸಿರ್‌ನ ಮುಖ ಸಣ್ಣದಾಯಿತು. ರೇಡಿಯೇಟರ್ ಬಾಯಿಗೆ ಪಂಪ್ ಕಚ್ಚಿಸಿ ಗಾಳಿಯ ಒತ್ತಡ ಕೊಟ್ಟ. ಎಲ್ಲಾದರೂ ಸೋರಿದರೆ ಮೀಟರಿನ ಮುಳ್ಳು ಇಳಿಯಬೇಕು. ಅರ್ಧ ಗಂಟೆ ಇಬ್ಬರೂ ಕಾದರು.

"ಮುಳ್ಳು ಇಳೀತಾ?"

"ನಿಮ್ಮ ಮುಂದೇನೇ ಇದೆಯಲ್ಲ, ನೋಡಿ."

"ನಿನ್ನ ಶೆಡ್ಡಲ್ಲಿ ಬೆಳಕೆಲ್ಲಿದೆ?"

ನಾಸಿರ್ ಒಂದು ಕ್ಷಣ ಅವನನ್ನೇ ನೋಡಿದ. "ಇಳಿದಿಲ್ಲ."

ಎಂಜಿನ್ನಿನೊಳಗೂ ಸೋರಿರಲಿಲ್ಲ: ಆಯಿಲ್‌ಗೆ ನೀರು ಬೆರೆತಿರಲಿಲ್ಲ. ಸೈಲೆನ್ಸರ್‌ನಲ್ಲಿ ಬಿಳಿ ಹೊಗೆಯಿರಲಿಲ್ಲ. ಕೊನೆಗೆ ನಾಸಿರ್ ಜೀಪಿನಡಿಯಿಂದ ಹೊರಬಂದು ಕೈ ಒರೆಸಿಕೊಂಡ.

"ಗಾಡೀಲಿ ಲೀಕೇ ಇಲ್ಲ ಅನಂತಣ್ಣ. ರೇಡಿಯೇಟರ್ ತಳದ ಬಿರಡೆ ಮೇಲೆ ಸ್ಪ್ಯಾನರ್ ಗುರುತಿದೆ, ಹೊಸದು. ಯಾರೋ ಬಿಚ್ಚಿ ಖಾಲಿ ಮಾಡ್ತಿದಾರೆ."

ಅನಂತರಾಜು ಕೈ ತೂರಿಸಿ ಬಿರಡೆಯನ್ನು ಮುಟ್ಟಿದ. ಬೆರಳಿಗೆ ಗೀರು ಹತ್ತಿತು. ಕ್ಷಮಿಸು ಎನ್ನಬೇಕಿತ್ತು. ಆ ನಾಲ್ಕು ಜನ ಇನ್ನೂ ಅಲ್ಲೇ ಇದ್ದರು. ಅನ್ನಲಾಗದೆ ಜೀಪು ಹತ್ತಿದ. ಮನೆ ಸೇರುವವರೆಗೂ ನಾಚಿಕೆಯಿಂದ ಕಿವಿ ಸುಡುತ್ತಿತ್ತು.

ಮುಂದಿನ ಭಾನುವಾರ ಪಟಾಲಮ್ಮ ಕೋಲಾರಕ್ಕೆ ಮದುವೆಗೆ ಹೋಗಬೇಕಿತ್ತು. ಅನಂತರಾಜು ಒಂದು ಗಂಟೆ ಮೊದಲೇ ಬಂದು ಅವರ ಮನೆಯ ಗೇಟಿನ ಮರೆಯಲ್ಲಿ ನಿಂತ. ಆಗಲೇ ಬಿಸಿಲೇರಿತ್ತು. ಬಿಳಿ ಅಂಗಿಯವನೊಬ್ಬ ಜೀಪಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಅದರಡಿಗೆ ಬಕೆಟ್ ಸರಿಸುತ್ತಿದ್ದ.

"ಯಾವನೋ ಅದು?"

ಆ ಮನುಷ್ಯ ಎದ್ದು ಇವನ ಕಡೆಗೇ ತಿರುಗಿ ನಿಂತ. ಓಡಲಿಲ್ಲ.

"ಈ ವಯಸ್ಸಲ್ಲಿ ನನ್ನ ತಲೆ ತಗ್ಗಿಸಿದ್ಯಲ್ಲೋ, ಕಳ್ಳ ನನ್ಮಗನೆ." ಅನಂತರಾಜು ದಾಪುಗಾಲಿಟ್ಟು ಹೋಗಿ ಅವನ ಕೊರಳಪಟ್ಟಿ ಹಿಡಿದು ಮುಖದ ಹತ್ತಿರ ಎಳೆದುಕೊಂಡ.

ಉಮೇಶ್.

ಅವನ ಕಣ್ಣು ತುಂಬಿತ್ತು. ಕೊರಳಪಟ್ಟಿ ಬಿಡಿಸಿಕೊಳ್ಳಲಿಲ್ಲ.

"ಹತ್ತೇ ಹೆಜ್ಜೆ ದೂರದಲ್ಲಿ, ಬಿಸಿಲಲ್ಲಿ, ನಿಮಗೆ ಮುಖ ಕೊಟ್ಟೇ ನಿಂತಿದ್ದೆ ಅನಂತಣ್ಣ. ನಾನು ಅಂತ ಕಾಣ್ಲಿಲ್ಲ ನಿಮಗೆ. ಇನ್ನು ಗಾಡಿ ಓಡಿಸ್ಬೇಡಿ ಅಂತ ಹೇಳೋಕೆ ನಂಗೆ ಬಾಯಿ ಬರ್ಲಿಲ್ಲ."