ಮಾವಿನ ತೋಪಿನ ಪೊಲೀಸಪ್ಪ

ಸತ್ತ ಪೊಲೀಸಿನವನ ಹೆಸರು ಊರಿನಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಸುಬ್ಬರಾಯಪ್ಪ ನಾಲ್ಕು ಮನೆಗಳಲ್ಲಿ ಕೇಳಿದರು. ನಾಲ್ಕೂ ಮನೆಯವರು "ಪೊಲೀಸಪ್ಪ" ಎಂದು ಹೇಳಿ, ರಸ್ತೆಯ ಕಡೆ ತಿರುಗಿ ಕೈ ಮುಗಿದರು.

ಶ್ರೀನಿವಾಸಪುರದಿಂದ ಮೂರು ಮೈಲಿ ಆಚೆಯ ಆ ಹಳ್ಳಿಯವರು ಕೋಲಾರದ ಪೊಲೀಸ್ ಕಚೇರಿಗೆ ಅರ್ಜಿ ಹಾಕಿದ್ದರು. ಎಪ್ಪತ್ತೆಂಟನೇ ಇಸವಿಯ ಮಾವಿನ ಸುಗ್ಗಿಯಲ್ಲಿ ನಮ್ಮೂರಿನ ಬೆಂಕಿಗೆ ಒಬ್ಬ ಪೊಲೀಸ್ ಜೀವ ಕೊಟ್ಟಿದ್ದಾನೆ, ಹುತಾತ್ಮರ ದಿನ ಅವನನ್ನೂ ನೆನೆಯಬೇಕು ಎಂದು. ಅರ್ಜಿಯಲ್ಲಿ ಹೆಸರಾಗಲಿ ನಂಬರಾಗಲಿ ಇರಲಿಲ್ಲ. ಕಚೇರಿಯ ಕಡತದ ಪ್ರಕಾರ ಆ ವರ್ಷ ಜಿಲ್ಲೆಯಲ್ಲಿ ಒಬ್ಬ ಪೊಲೀಸೂ ಬೆಂಕಿಯಲ್ಲಿ ಸತ್ತಿರಲಿಲ್ಲ. ಏಳು ವರ್ಷದ ಹಿಂದಿನ ಮಾತು.

"ಹೋಗಿ ವಿಚಾರಿಸು. ಸುಳ್ಳಾದ್ರೆ ಅಲ್ಲಿ ಅವನ ನೆನಪಿಗೆ ಅಂತ ನಿಲ್ಸಿರೋ ಕಲ್ಲು ಕೀಳಿಸಿ ಬಾ," ಎಂದಿದ್ದರು ಇನ್ಸ್‌ಪೆಕ್ಟರ್.

ಸುಬ್ಬರಾಯಪ್ಪ ಈ ಡ್ಯೂಟಿಯನ್ನು ತಾವಾಗಿಯೇ ಕೇಳಿ ಹಾಕಿಸಿಕೊಂಡಿದ್ದರು. ಸ್ಟೇಷನ್ನಿನಲ್ಲಿ ಎಲ್ಲರಿಗೂ ಆಶ್ಚರ್ಯವಾಗಿತ್ತು. ಬಾಯಿಬಿಟ್ಟು ಏನನ್ನೂ ಕೇಳುವ ಪೈಕಿಯಲ್ಲ ಅವರು. ಇಪ್ಪತ್ತೆರಡು ವರ್ಷದ ಸರ್ವೀಸು. ಜೊತೆಗೆ ಸೇರಿದವರೆಲ್ಲ ದಫೇದಾರರಾಗಿದ್ದರು, ಇವರು ಕಾನ್‌ಸ್ಟೇಬಲ್ ಆಗಿಯೇ ಉಳಿದಿದ್ದರು. ಮಫ್ತಿಯಲ್ಲಿ ಬಂದಿದ್ದರು. ಕೋಲಾರದಿಂದ ವಿಚಾರಣೆಗೆ ಬಂದವನು ಎಂದಷ್ಟೇ ಹೇಳಿದ್ದರು. ಹೆಸರನ್ನು ಯಾರೂ ಕೇಳಲಿಲ್ಲ.

ಐದನೇ ಮನೆ ಬೈರಮ್ಮನದು. ಬೆಂಕಿ ಬಿದ್ದದ್ದು ಅವಳ ಗುಡಿಸಲಿಗೆ. ಈಗ ಅಲ್ಲಿ ಹೆಂಚಿನ ಮನೆಯಿತ್ತು.

"ಅವನು ಇಲ್ಲಿಗೆ ಯಾಕೆ ಬಂದಿದ್ದ?" ಸುಬ್ಬರಾಯಪ್ಪ ಪೆನ್ಸಿಲ್ ತೆಗೆದರು.

"ಡ್ಯೂಟಿಗೆ ಸ್ವಾಮಿ. ನಾಕು ದಿನ ರೋಡ್ನಾಗೆ ನಿಂತು ಮಾವಿನ ಗಾಡಿ ತಡೀತಿದ್ದ. ಲೈಸೆನ್ಸ್ ಕೇಳ್ತಿದ್ದ. ಇಲ್ಲ ಅಂದ್ರೆ ಒಂದ್ ಮಂಕರಿ ಹಣ್ಣು ಇಳಿಸ್ಕೊಂಡು ಬಿಡ್ತಿದ್ದ. ಒಂದು ಕೆಟ್ಟ ಮಾತಾಡ್ತಿರ್ಲಿಲ್ಲ."

"ಎತ್ತಿನ ಗಾಡಿಗೂ ಲೈಸೆನ್ಸ್ ಕೇಳಿದ್ನಾ?"

"ಕೇಳ್ದ. ಹೊಸ ರೂಲ್ಸು ಅಂದ್ಕೊಂಡ್ವಿ."

ಸುಬ್ಬರಾಯಪ್ಪ ಬರೆದುಕೊಂಡರು. "ಟೋಪಿ ಇತ್ತಾ?"

"ಇರ್ಲಿಲ್ಲ."

"ಅಂಗಿ ದೊಗಲೆ ಇತ್ತಾ?"

"ಹೂಂ ಸ್ವಾಮಿ. ಪಾಪ, ಸೊರಗಿದ್ದ ಅಂತ ಕಾಣುತ್ತೆ."

"ಎಡಗಡೆ ಜೇಬಿನ ಕೆಳಗೆ ಹರಿದು, ಕರಿ ದಾರದಲ್ಲಿ ಹೊಲಿದಿತ್ತಾ?"

ಬೈರಮ್ಮ ಬಾಯಿ ಬಿಟ್ಟಳು. "ನಿಮಗೆಂಗೆ ಗೊತ್ತು?"

"ಇಲಾಖೆ ಬಟ್ಟೆ ಎಲ್ಲಾ ಅಲ್ಲೇ ಹರಿಯುತ್ತೆ," ಎಂದರು ಸುಬ್ಬರಾಯಪ್ಪ. "ಬೆಂಕಿ ವಿಷಯ ಹೇಳಮ್ಮ."

"ಮಧ್ಯಾಹ್ನ. ಗಂಡಸ್ರೆಲ್ಲಾ ತೋಪ್ನಾಗಿದ್ರು. ನಾನು ನೀರಿಗೆ ಹೋಗಿದ್ದೆ. ಬರೋ ಹೊತ್ಗೆ ಸೂರು ಉರೀತಿತ್ತು. ತೊಟ್ಲಾಗೆ ಮಗು, ಮೂಲೇಲಿ ಎದ್ದು ಓಡಾಡಕ್ಕಾಗ್ದಿರೋ ಅತ್ತೆ. ಓಡೋಗಿ ಅವನ ಕಾಲು ಹಿಡ್ಕೊಂಡೆ. ಪೊಲೀಸ್ನೋರೇ, ನೀವೇ ಕಾಪಾಡ್ಬೇಕು ಅಂದೆ."

"ತಕ್ಷಣ ಹೋದ್ನಾ?"

"ಇಲ್ಲ. ರೋಡ್ ಕಡೆ ನೋಡ್ದ. ಬಸ್ಸು ಬರ್ತಿತ್ತು. ಆಮೇಲೆ ತನ್ನ ಮೈಮೇಲಿನ ಅಂಗಿ ನೋಡ್ಕೊಂಡ. ಆಮೇಲೆ ಹೋದ."

ಮೊದಲು ಮುದುಕಿಯನ್ನು ಹೊತ್ತು ತಂದ. ಮತ್ತೆ ಹೋಗಿ ಮಗುವನ್ನು ಕಿಟಕಿಯಿಂದ ಬೈರಮ್ಮನ ಕೈಗೆ ಕೊಟ್ಟ. ಅವನು ಹೊರಬರುವ ಮೊದಲು ಸೂರು ಕುಸಿಯಿತು. ಗುರುತು ಹತ್ತುವಂಥದ್ದೇನೂ ಉಳಿಯಲಿಲ್ಲ. ಪಂಚನಾಮೆಗೆ ಬಂದವರು ‘ಅಪರಿಚಿತ ಗಂಡಸು’ ಎಂದು ಬರೆದುಕೊಂಡು ಹೋದರು. ಮೂರನೇ ದಿನ ಬೂದಿ ಕೆದಕುವಾಗ ಬೈರಮ್ಮನಿಗೆ ಅವನ ಅಂಗಿಯಲ್ಲಿದ್ದ ಹಿತ್ತಾಳೆಯ ನಂಬರು ಸಿಕ್ಕಿತು.

ಅದನ್ನು ಅವಳು ದೇವರ ಗೂಡಿನಿಂದ ತಂದು ಕೊಟ್ಟಳು. ಹುಣಸೆಹಣ್ಣು ಹಾಕಿ ಬೆಳಗಿದ್ದಳು. ೬೧೪. ಸುಬ್ಬರಾಯಪ್ಪ ಅಂಕಿಗಳನ್ನು ಎರಡು ಸಲ ಓದಿದರು.

ಅವನು ಪೊಲೀಸನಲ್ಲ ಎಂಬುದು ಎತ್ತಿನ ಗಾಡಿಯ ಲೈಸೆನ್ಸಿನ ಮಾತು ಬಂದಾಗಲೇ ಖಾತ್ರಿಯಾಗಿತ್ತು. ಖಾಕಿ ಕದ್ದು ಹಾಕಿಕೊಂಡ ಯಾವನೋ ಕಳ್ಳ. ಈಗ ಸಾಕ್ಷಿಯೂ ಸಿಕ್ಕಿತು. ಈ ಹಿತ್ತಾಳೆಯನ್ನು ಒಯ್ದು ಸಾಹೇಬರ ಮೇಜಿನ ಮೇಲಿಟ್ಟರೆ ಸಾಕು. ಕಳ್ಳ ಯಾರು, ಯಾರಲ್ಲ ಎಂಬುದು ಅಲ್ಲಿಗೆ ತೀರ್ಮಾನವಾಗಿಹೋಗುತ್ತಿತ್ತು.

"ಆಫೀಸಿಗೆ ಬೇಕಾ ಸ್ವಾಮಿ?" ಬೈರಮ್ಮ ಅಳುಕುತ್ತಾ ಕೇಳಿದಳು.

ಸುಬ್ಬರಾಯಪ್ಪ ಅದನ್ನು ಅಂಗೈಯಲ್ಲಿ ತಿರುಗಿಸಿ ನೋಡಿದರು. ಒಳಗಿನಿಂದ ಮುದುಕಿ ಕೆಮ್ಮುವುದು ಕೇಳಿಸಿತು.

"ಬೇಡಮ್ಮ. ಇದ್ದಲ್ಲೇ ಇಡು."

ಜಗುಲಿಯ ಮೇಲೆ ಕೂತು ವರದಿ ಬರೆದರು. ಮೃತನ ಗುರುತು ಪತ್ತೆಯಾಗಲಿಲ್ಲ. ಇಲಾಖೆಯವನು ಎನ್ನಲು ಆಧಾರ ಸಿಗಲಿಲ್ಲ. ಅಲ್ಲ ಎನ್ನಲೂ ಸಿಗಲಿಲ್ಲ. ಕಲ್ಲು ವಾಹನ ಸಂಚಾರಕ್ಕೆ ಅಡ್ಡಿಯಿಲ್ಲವಾದ್ದರಿಂದ ಕೀಳಿಸುವ ಅಗತ್ಯ ಕಾಣುವುದಿಲ್ಲ.

ಊರಿನ ಯಜಮಾನ ದೊಡ್ಡವೆಂಕಟಪ್ಪ ಬಸ್ಸು ಹತ್ತಿಸಲು ರಸ್ತೆಯವರೆಗೆ ಬಂದ. ಕಲ್ಲು ಅಲ್ಲೇ ಇತ್ತು. ಮೊಳಕಾಲೆತ್ತರ. ಬೆಳಗಿನ ಕಣಗಿಲೆ ಹೂವು ಬಾಡಿತ್ತು. ‘ಪೊಲೀಸ್ ೬೧೪’ ಎಂದು ಕೆತ್ತಿದ್ದರು, ಅಷ್ಟೇ.

"ಸ್ವಾಮಿ, ಒಂದ್ ಮಾತು," ಎಂದ ದೊಡ್ಡವೆಂಕಟಪ್ಪ. "ನಂಬರಿಗೆ ಕೈ ಮುಗಿಯಕ್ಕೆ ಒಂಥರಾ ಆಗುತ್ತೆ. ಆರುನೂರ ಹದಿನಾಲ್ಕು ಅಂದ್ರೆ ಯಾರು ಅಂತ ನಿಮ್ಮ ಆಫೀಸ್ನೋರಿಗೆ ಗೊತ್ತಿರುತ್ತಲ್ಲಾ? ಆ ಪುಣ್ಯಾತ್ಮನ ಹೆಸರೇನು?"

ಕೋಲಾರದ ಬಸ್ಸು ತಿರುವಿನಲ್ಲಿ ಕಾಣಿಸಿಕೊಂಡಿತು.

ಆರುನೂರ ಹದಿನಾಲ್ಕು ಯಾರೆಂದು ಆಫೀಸಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಒಗೆದು ಹರವಿದ್ದ ತನ್ನ ಸಮವಸ್ತ್ರ ನಂಬರಿನ ಸಮೇತ ಕಳುವಾಯಿತೆಂದು ಏಳು ವರ್ಷದಿಂದ ಹೇಳುತ್ತಾ ಬಂದರೂ ಯಾರೂ ನಂಬದ, ಮಾರಿಕೊಂಡನೆಂಬ ಆಪಾದನೆಗೆ ಬಡ್ತಿ ಕಳೆದುಕೊಂಡು ಇನ್ನೂ ಕೆಲಸದಲ್ಲಿರುವ ಒಬ್ಬ ಕಾನ್‌ಸ್ಟೇಬಲ್.

"ಸುಬ್ಬರಾಯಪ್ಪ ಅಂತ ಕೆತ್ತಿಸಿ," ಎಂದು ಹೇಳಿ ಸುಬ್ಬರಾಯಪ್ಪ ಬಸ್ಸು ಹತ್ತಿದರು.